ತಲೆಗಿಡ

ವಾರಿಕ್ ಹ್ಯಾಸ್ಕರ್ಡ್ ನಗ್ತಾ ಬಂದ್ರೆ ನಾನು ಜೇಬು ಮುಟ್ಟಿ ನೋಡ್ಕೋತೀನಿ. ಜೇಬಲ್ಲಿ ಏನೂ ಇರಲ್ಲ, ಅದು ಬೇರೆ ಮಾತು. ನಮ್ಮಪ್ಪ ಅವರಪ್ಪನ್ನ ಕಂಡಾಗ ಹಂಗೇ ಮಾಡ್ತಿದ್ದ. ನಮ್ಮ ತಾತ ಅವರ ತಾತನ್ನ ಕಂಡಾಗ ಹಂಗೇ ಮಾಡ್ತಿದ್ದನಂತೆ. ಆಸ್ತಿ ಅಂತ ನಮ್ಮ ಮನೇಲಿ ಕೈಯಿಂದ ಕೈಗೆ ಬಂದದ್ದು ಇದೊಂದೇ, ಅನುಮಾನ.

ಆ ಸೋಮವಾರ ಅವನು ಹಲ್ಲು ಕಿರೀತಾನೇ ಬಂದ. ಕೈಯಲ್ಲಿ ಕೇಕಿನ ಡಬ್ಬ ಬೇರೆ. ನಾನೂ ಕ್ಲೆಮ್ಮೂ ಹಳ್ಳದ ದಂಡೇಲಿ ಕೂತು ಚಾ ಕುಡೀತಿದ್ವಿ. ಕ್ಲೆಮ್ ನನ್ನ ಚಿಕ್ಕಪ್ಪನ ಮಗ, ಎರಡು ಮಕ್ಕಳ ಅಪ್ಪ. ಮಾತು ಕಮ್ಮಿ, ತೋಳು ಗಟ್ಟಿ. ಸಕ್ಕರೆ ಗಿರಣಿ ಮುಚ್ಚಿದ ಮೇಲೆ ನಮ್ಮಂಥವರಿಗೆ ಈ ಊರಲ್ಲಿ ಉಳಿದಿದ್ದು ಒಂದೇ ಕೆಲಸ, ಹಳ್ಳದ ಸಂರಕ್ಷಣಾ ಮಂಡಳಿಯ ಕಳೆ ಕೆಲಸ. ಹೊರಗಿಂದ ಬಂದು ಬೇರೂರಿದ ಗಿಡ ಕಡಿಯೋದು, ಬುಡಕ್ಕೆ ವಿಷ ಹಚ್ಚೋದು. ಮಂಡಳಿ ಅಧ್ಯಕ್ಷ ಹ್ಯಾಸ್ಕರ್ಡ್. ಹಳ್ಳದ ಹೆಸರು ಹ್ಯಾಸ್ಕರ್ಡ್ ಹಳ್ಳ. ಹಳ್ಳದ ಆಚೀಚೆ ಕಾಣೋ ಕಬ್ಬೆಲ್ಲ ಹ್ಯಾಸ್ಕರ್ಡ್ ಕಬ್ಬು. ಇನ್ನು ನೀವೇ ಅರ್ಥ ಮಾಡ್ಕೊಳ್ಳಿ.

ಕೆಲಸ ಅಂದ್ರೆ ಏನು ಅಂತ ಹೇಳ್ತೀನಿ ಕೇಳಿ. ಗಿನಿ ಹುಲ್ಲು ಆಳೆತ್ತರ ನಿಂತಿರುತ್ತೆ. ಅದರ ಅಂಚು ತಾಗಿದ್ರೆ ಚರ್ಮ ಸೀಳುತ್ತೆ. ಆ ಗೀರಿಗೆ ಬೆವರು ಇಳಿದ್ರೆ ಉರಿ. ಲಂಟಾನದ ಮುಳ್ಳು ಕೈಗವಸಿನ ಒಳಗೇ ಮುರಿದು ಕೂರುತ್ತೆ. ಬಗ್ಗಬೇಕು, ಬುಡ ಹಿಡೀಬೇಕು, ಗರಗಸ ಎಳೀಬೇಕು, ಕಡಿದ ತಕ್ಷಣ ಬುಡಕ್ಕೆ ಔಷಧಿ ಹಚ್ಚಬೇಕು. ತಡ ಆದ್ರೆ ಗಾಯ ಮುಚ್ಕೊಂಡು ಗಿಡ ಬದುಕಿಬಿಡುತ್ತೆ. ಯಾವ ಬುಡಕ್ಕೆ ಹಚ್ಚಿದ್ದಾಯ್ತು ಅಂತ ಗೊತ್ತಾಗಲಿ ಅಂತ ಔಷಧಿಗೆ ಕೆಂಪು ಬಣ್ಣ ಬೆರೆಸಿರ್ತಾರೆ. ಆ ಕೆಂಪು ಸೋಪಿಗೆ ಹೋಗಲ್ಲ. ಭಾನುವಾರ ಚರ್ಚಲ್ಲಿ ಕೈ ಜೋಡಿಸಿದ್ರೆ ಪಕ್ಕದವರು ನನ್ನ ಬೆರಳು ನೋಡ್ತಾರೆ. ಆಗಷ್ಟೇ ಕೋಳಿ ಕುಯ್ದು ಬಂದವಳ ಕೈ ಥರ ಇರುತ್ತೆ.

ಆಗಾಗ ಶನಿವಾರ ಸಮುದಾಯ ದಿನ ಅಂತ ಮಾಡ್ತಾರೆ. ಪೇಟೆಯಿಂದ ಸ್ವಯಂಸೇವಕರು ಬರ್ತಾರೆ. ಹೊಸ ಕೈಗವಸು, ಅಗಲ ಟೋಪಿ. ನಾವು ವಾರವಿಡೀ ಕಡಿದು ಹದ ಮಾಡಿಟ್ಟ ಜಾಗದಲ್ಲಿ ಪುಟ್ಟ ಪುಟ್ಟ ಸಸಿ ಕೀಳ್ತಾರೆ, ಫೋಟೋ ತೆಗೆಸ್ಕೋತಾರೆ, ಸಾಸೇಜು ತಿಂದು ಹೋಗ್ತಾರೆ. ಫೋಟೋ ತೆಗೆಯೋವಾಗ ನಮಗೆ “ಸ್ವಲ್ಪ ಪಕ್ಕಕ್ಕೆ ಸರೀತೀರಾ?” ಅಂತಾರೆ. ಅವರಿಗೋಸ್ಕರ ಅವತ್ತು ಲಾರೀಲಿ ಒಂದು ಪ್ಲಾಸ್ಟಿಕ್ ಕಕ್ಕಸು ಬರುತ್ತೆ. ಮಿಕ್ಕ ದಿನ ನಾನು ಲಂಟಾನದ ಹಿಂದೆ ಕೂರಬೇಕು, ಕ್ಲೆಮ್ ಬೆನ್ನು ತಿರುಗಿಸಿ ನಿಂತು ಗಟ್ಟಿಯಾಗಿ ಹಾಡು ಹೇಳಬೇಕು. ನಮಗೂ ಒಂದು ಕಕ್ಕಸು ಇಡ್ರಪ್ಪ ಅಂತ ಕೇಳಿದೆ. ಪರಿಶೀಲಿಸ್ತೀವಿ ಅಂದ್ರು. ಇನ್ನೂ ಪರಿಶೀಲಿಸ್ತಾನೇ ಇದ್ದಾರೆ.

“ವರ್ನಾ, ಕೇಕ್ ತಗೋ,” ಅಂದ ಹ್ಯಾಸ್ಕರ್ಡ್. “ನಮ್ಮ ಮನೆಯವಳು ಮಾಡಿದ್ದು.”

“ಏನ್ ಸಮಾಚಾರ, ಮಿಸ್ಟರ್ ಹ್ಯಾಸ್ಕರ್ಡ್?”

“ವಾರಿಕ್ ಅನ್ನು ಸಾಕು. ಎಷ್ಟು ಸಲ ಹೇಳೋದು ನಿನಗೆ?”

ನಾನು ಕೇಕು ಮುಟ್ಟಲಿಲ್ಲ. ಕ್ಲೆಮ್ ತಗೊಂಡ. ಅವನಿಗೆ ಹಸಿವು ಜಾಸ್ತಿ, ಅನುಮಾನ ಕಮ್ಮಿ.

“ಈ ಶನಿವಾರ ದೊಡ್ಡ ಸಮುದಾಯ ದಿನ ಇಟ್ಟಿದ್ದೀವಿ. ಟೀವಿಯವರೂ ಬರ್ತಾರೆ,” ಅಂದ. “ಜಾಗ ಯಾವುದು ಗೊತ್ತಾ? ಹಳೇ ಗಿರಣಿ ಕೆಳಗಿನ ಹಳ್ಳದ ತಿರುವು.”

ನನ್ನ ಲೋಟ ಬಾಯಿ ಹತ್ರ ಹೋಗಿದ್ದು ಅಲ್ಲೇ ನಿಂತಿತು.

ಅವನ ಹಿಂದೆ ಫಿಲಿಪಾ ಇದ್ಲು. ಮಂಡಳಿಯ ಅಧಿಕಾರಿ. ದಕ್ಷಿಣದ ನಗರದಿಂದ ಬಂದ ಓದಿದ ಹುಡುಗಿ, ಕೆಟ್ಟವಳಲ್ಲ. ನಕ್ಷೆ ಬಿಚ್ಚಿ ತೋರಿಸಿದ್ಲು. ತಿರುವಿನ ಸುತ್ತ ಗೆರೆ ಎಳೆದಿದ್ರು. “ಇಲ್ಲಿ ಪೂರ್ತಿ ತೋಟದಿಂದ ತಪ್ಪಿಸ್ಕೊಂಡು ಬಂದ ಗಿಡಗಳು,” ಅಂದ್ಲು. “ಕ್ರೋಟನ್ನು, ನಿತ್ಯಪುಷ್ಪ. ಯಾರದೋ ಅಂಗಳದಿಂದ ಬಂದು ಕಾಡು ಸೇರಿವೆ. ಇಲ್ಲಿನ ಗಿಡಗಳಿಗೆ ಜಾಗ ಬಿಡ್ತಿಲ್ಲ. ನೀವಿಬ್ಬರು ಶುಕ್ರವಾರದೊಳಗೆ ದೊಡ್ಡ ಕ್ರೋಟನ್ ಎಲ್ಲ ಕಡಿದು ಔಷಧಿ ಹಚ್ಚಿಬಿಡಿ. ಸಣ್ಣದನ್ನ ಶನಿವಾರ ಜನ ಕೀಳ್ತಾರೆ.”

“ಹೊರಗಿಂದ ಬಂದದ್ದು ಹೊರಗೆ ಹೋಗಬೇಕು, ಅಷ್ಟೇ,” ಅಂದ ಹ್ಯಾಸ್ಕರ್ಡ್.

“ಕಬ್ಬು ಎಲ್ಲಿಂದ ಬಂತು, ಮಿಸ್ಟರ್ ಹ್ಯಾಸ್ಕರ್ಡ್?” ಅಂದೆ.

“ಅಯ್ಯೋ, ಕಬ್ಬು ಬೆಳೆ ಕಣಮ್ಮ! ಕಳೆ ಅಲ್ಲ.” ಹೊಟ್ಟೆ ಕುಣಿಸಿ ನಕ್ಕ. ಫಿಲಿಪಾನೂ ನಕ್ಕಳು.

ಆ ತಿರುವಲ್ಲಿ ಏನಿದೆ ಅಂತ ನನಗೆ ಗೊತ್ತು. ನಮ್ಮವರು ಮಲಗಿದ್ದಾರೆ.

ನಮ್ಮ ಹಿರಿಯರನ್ನ ಸಮುದ್ರದಾಚೆಯ ಟಾನ್ನಾ, ಮಲೈಟಾ ದ್ವೀಪಗಳಿಂದ ಹಡಗಿಗೆ ತುಂಬಿ ತಂದ್ರು. ಕೆಲವರನ್ನ ಪುಸಲಾಯಿಸಿ, ಕೆಲವರನ್ನ ಎಳ್ಕೊಂಡು. ತಂದು ಈ ಕಬ್ಬಿನ ಗದ್ದೇಲಿ ದುಡಿಸಿದ್ರು. ಸಾಕಾದ ಮೇಲೆ ಕಾನೂನು ಮಾಡಿ, ಹೊರಗಿಂದ ಬಂದವರು ಹೊರಗೆ ಹೋಗಿ ಅಂತ ಮತ್ತೆ ಹಡಗು ಹತ್ತಿಸಿದ್ರು. ಅಡಗಿ ಉಳಿದವರ ಮೊಮ್ಮಕ್ಕಳು, ಮರಿಮಕ್ಕಳು ನಾವು. ಆ ಕಾಲದಲ್ಲಿ ಸತ್ತರೆ ಚರ್ಚಿನ ಸ್ಮಶಾನ ಬಿಳಿಯರಿಗೆ. ನಮ್ಮವರಿಗೆ ಹಳ್ಳದ ದಂಡೆ. ಅದನ್ನೂ ತೋರಿಸಿಕೊಟ್ಟಿದ್ದು ಈ ನೆಲದ ಮೂಲ ಜನ, ಹ್ಯಾಸ್ಕರ್ಡ್ ಮನೆಯವರಲ್ಲ. ಕಲ್ಲಿಲ್ಲ, ಶಿಲುಬೆ ಇಲ್ಲ. ಅದಕ್ಕೇ ನಮ್ಮವರು ಒಂದು ಪದ್ಧತಿ ಮಾಡ್ಕೊಂಡ್ರು. ಸತ್ತವರ ಮನೆ ಬಾಗಿಲಲ್ಲಿರೋ ಕ್ರೋಟನ್ನಿನ ಒಂದು ಕಡ್ಡಿ ಮುರಿದು ಸಮಾಧಿಯ ತಲೆ ಕಡೆ ನೆಡೋದು. ಅದೇ ತಲೆಗಿಡ. ಒಂದೊಂದು ಮನೆಗೆ ಒಂದೊಂದು ಬಗೆ. ನಮ್ಮದು ತಿರುಚಿದ ಎಲೆ, ಹಳದಿ ಮೇಲೆ ಕೆಂಪು ಚುಕ್ಕಿ. ಕ್ಲೆಮ್‌ನ ತಾಯಿ ಕಡೆಯವರದು ಅಗಲ ಎಲೆ, ಕಪ್ಪಿಗೆ ತಿರುಗೋ ಕೆಂಪು. ಮನೆ ಬದಲಾಯಿಸಿದಾಗ ಮಂಚ ಬಿಟ್ಟು ಹೋದ್ರೂ ಗಿಡದ ಕಡ್ಡಿ ಬಿಟ್ಟು ಹೋಗಲ್ಲ. ಬಾಗಿಲ ಗಿಡ ನೋಡಿದ್ರೆ ಸಾಕು, ಆ ಮನೆಯವರು ತಿರುವಲ್ಲಿ ಎಲ್ಲಿ ಮಲಗಿದ್ದಾರೆ ಅಂತ ಹೇಳಬಹುದು.

ಆದ್ರೆ ಹೇಳಬಾರದು. ಅದು ಇನ್ನೊಂದು ಪದ್ಧತಿ. ಬಿಳಿಯರಿಗಂತೂ ಹೇಳಲೇಬಾರದು. ಎಲ್ಲಾದ್ರೂ ಬಾಯಿ ಬಿಟ್ಟಾರು ಅಂತ ನಮ್ಮ ಮಕ್ಕಳಿಗೂ ಹೇಳಬಾರದು. ಮನೆಗೊಬ್ಬರಿಗೆ ಗೊತ್ತಿದ್ರೆ ಸಾಕು. ನಮ್ಮ ಮನೇಲಿ ನನಗೆ ಹೇಳಿದ್ದು ಎಲ್ಸಿ ದೊಡ್ಡಮ್ಮ. ಕ್ಲೆಮ್‌ಗೆ ಅವನಮ್ಮ ಹೇಳೋ ಮೊದಲೇ ತೀರ್ಕೊಂಡ್ಲು.

ಮಾರನೇ ದಿನ ತಿರುವಿಗೆ ಇಳಿದ್ವಿ. ನಾನು ಕ್ಲೆಮ್‌ನ ಲಂಟಾನದ ಕಡೆ ಎಳೆದೆ. “ಮೊದಲು ಇದನ್ನ ಮುಗಿಸೋಣ ಕಣೋ, ಕ್ರೋಟನ್ ಎಲ್ಲೂ ಓಡಿ ಹೋಗಲ್ಲ.” ಅವನು ತಲೆ ಆಡಿಸಿದ. ಬಿಸಿಲೇರಿತು. ನೀರು ತರೋಕೆ ಅಂತ ಗಾಡಿ ಹತ್ರ ಹೋದೆ. ಹೇಳಲಾ, ಬೇಡವಾ ಅಂತ ತಲೆಯೊಳಗೆ ಗಿರಗಿರ. ಇವನೂ ನಮ್ಮವನೇ, ಹೇಳಿದ್ರೇನು? ಇವನ ಬಾಯಿಂದ ಅವನ ಹೆಂಡತಿಗೆ, ಅವಳ ಬಾಯಿಂದ ಊರಿಗೆ. ಬೇಡ. ನಾಳೆ ನೋಡೋಣ. ವಾಪಸ್ ಬರೋಷ್ಟರಲ್ಲಿ ಗರಗಸದ ಸದ್ದು.

ಅಗಲ ಎಲೆಯ ಗಿಡ ಅಡ್ಡ ಬಿದ್ದಿತ್ತು. ಕ್ಲೆಮ್ ಮೊಣಕಾಲೂರಿ ಬುಡಕ್ಕೆ ಔಷಧಿ ಹಚ್ತಿದ್ದ. ಅಚ್ಚುಕಟ್ಟಾಗಿ, ಸುತ್ತ ಒಂದು ಚೂರೂ ಬಿಡದ ಹಾಗೆ.

“ನಿಲ್ಲಿಸೋ!” ಅಂತ ಕಿರುಚಿದೆ.

“ಯಾಕಕ್ಕಾ, ಹಾವಾ?”

“ನಿಮ್ಮನೆ ಬಾಗಿಲಲ್ಲಿ ಯಾವ ಗಿಡ ಇದೆಯೋ?”

“ಅಮ್ಮನ ಕ್ರೋಟನ್ನು. ಯಾಕೆ?” ಅಂದ. ಆಮೇಲೆ ಬಿದ್ದಿದ್ದ ಕೊಂಬೆ ನೋಡಿದ. ಒಂದು ಎಲೆ ಎತ್ತಿ ಹಿಂದೆ ಮುಂದೆ ತಿರುಗಿಸಿದ.

“ಅದು ನಿಮ್ಮಮ್ಮನ ಅಜ್ಜಿ ಕಣೋ,” ಅಂದೆ. “ನೀನು ಮಂಡಿ ಊರಿರೋದು ಅವಳ ತಲೆ ಹತ್ರ.”

ಅವನು ಹಾವು ತುಳಿದವನ ಹಾಗೆ ಹಿಂದಕ್ಕೆ ಹಾರಿದ. ಆಮೇಲೆ ಮತ್ತೆ ಮುಂದಕ್ಕೆ ಬಿದ್ದು ಅಂಗಿ ಕಿತ್ತು ಆ ಬುಡ ಒರೆಸೋಕೆ ಶುರು ಮಾಡಿದ. ನಾನು ತಂದ ಕುಡಿಯೋ ನೀರೆಲ್ಲ ಅದರ ಮೇಲೆ ಸುರಿದ. ಕೆಂಪು ನೀರು ಮಣ್ಣಿಗೆ ಇಳೀತು. ಔಷಧಿ ಒಳಗೆ ಹೋಗಿ ಆಗಿತ್ತು. ಅದು ಎಷ್ಟು ಬೇಗ ಒಳಗೆ ಹೋಗುತ್ತೆ ಅಂತ ಇಬ್ಬರಿಗೂ ಗೊತ್ತು.

“ನನಗ್ಯಾಕೆ ಹೇಳಲಿಲ್ಲ?” ಅಂದ. “ಅಕ್ಕಾ, ನನಗ್ಯಾಕೆ ಯಾರೂ ಹೇಳಲಿಲ್ಲ? ನಾನೇನು ಹ್ಯಾಸ್ಕರ್ಡ್ ಮಗನಾ?”

ಅವತ್ತು ಮಿಕ್ಕ ಹೊತ್ತು ಅವನು ಕೆಲಸ ಮಾಡಲಿಲ್ಲ. ಎರಡೂ ಕೈ ತೊಡೆ ಮೇಲೆ ಅಂಗಾತ ಇಟ್ಕೊಂಡು ಕೂತಿದ್ದ.

ಸಂಜೆ ದೊಡ್ಡಮ್ಮನ ಮನೆಗೆ ಹೋದೆ. ಎಂಬತ್ತು ದಾಟಿದ ಮುದುಕಿ, ನಾಲಗೆ ಮಾತ್ರ ಇನ್ನೂ ಹರೇದ್ದು. ಜಗಲಿ ಮೇಲೆ ಮರಗೆಣಸು ತುರೀತಿದ್ಲು. ನಾನು ತೆಂಗಿನಕಾಯಿ ಹಾಲಿನ ಪಾತ್ರೆ ಸರಿಸೋಕೆ ಹೋದೆ.

“ಆ ಕೈಲಿ ನನ್ನ ಪಾತ್ರೆ ಮುಟ್ಟಬೇಡ,” ಅಂದ್ಲು. “ತೊಳ್ಕೊಂಡು ಬಾ.”

“ತೊಳೆದಿದ್ದೀನಿ ದೊಡ್ಡಮ್ಮ. ಹೋಗಲ್ಲ ಇದು.”

“ಹಂಗಾದ್ರೆ ದೂರ ಕೂತ್ಕೋ.”

ದೂರ ಕೂತೇ ಎಲ್ಲ ಹೇಳಿದೆ. ಕ್ಲೆಮ್ ಕಡಿದದ್ದು ಕೇಳಿ ತುರಿಯೋ ಕೈ ನಿಂತಿತು. ಆಮೇಲೆ ಮತ್ತೆ ತುರಿಯೋಕೆ ಶುರು ಮಾಡಿದ್ಲು, ಮೊದಲಿಗಿಂತ ಜೋರಾಗಿ.

“ನಾನು ಹೇಳಿಬಿಡ್ತೀನಿ ದೊಡ್ಡಮ್ಮ. ಫಿಲಿಪಾ ಕೇಳೋ ಥರ ಇದ್ದಾಳೆ.”

“ಬಾಯಿ ಮುಚ್ಚೇ.”

“ಹೇಳದಿದ್ರೆ ವಿಷ ಹಾಕ್ತಾರೆ. ಅದೂ ನಮ್ಮ ಕೈಲೇ ಹಾಕಿಸ್ತಾರೆ.”

“ಹೇಳಿದ್ರೆ ಉತ್ತು ಹಾಕ್ತಾರೆ! ನಮ್ಮಪ್ಪ ಹೇಳಿ ಏನಾಯ್ತು? ಹೇಳ್ತಾಳಂತೆ, ಹೇಳ್ತಾಳೆ, ದೊಡ್ಡ ವಕೀಲೆ.”

ಆ ಕಥೆ ನನಗೆ ಗೊತ್ತು. ಆದ್ರೂ ಮತ್ತೆ ಹೇಳಿದ್ಲು. ತಿರುವಿನ ಮೇಲ್ಗಡೆ, ಈಗ ಹ್ಯಾಸ್ಕರ್ಡ್ ತಂತಿ ಬೇಲಿಯ ಆಚೆ, ಮೊದಲು ನಮ್ಮವರ ದೊಡ್ಡ ಸ್ಮಶಾನ ಇತ್ತು. ದನ ನುಗ್ಗಿ ತಲೆಗಿಡ ತಿಂತಿದ್ವು. ದೊಡ್ಡಮ್ಮನ ಅಪ್ಪ ಟೋಪಿ ಕೈಲಿ ಹಿಡ್ಕೊಂಡು ಬಂಗಲೆಗೆ ಹೋಗಿ, ವಾರಿಕ್‌ನ ಅಜ್ಜನ ಮುಂದೆ ನಿಂತು, ಸ್ವಾಮಿ ಒಂದು ಬೇಲಿ ಹಾಕಿಸ್ಕೊಡಿ ಅಂದ. ಆಗಲಿ ನೋಡೋಣ ಅಂದನಂತೆ ಅಜ್ಜ, ನಗ್ತಾ. ಮುಂದಿನ ನಾಟಿಗೆ ಅಷ್ಟೂ ಜಾಗ ಉತ್ತು ಕಬ್ಬು ಹಾಕಿದ. ದೊಡ್ಡಮ್ಮ ಆಗ ಪುಟ್ಟ ಹುಡುಗಿ. ಹುಟ್ಟಿದ ಕೂಡಲೇ ಸತ್ತ ಅವಳ ತಮ್ಮನ್ನ ಆ ವರ್ಷವೇ ಅಲ್ಲಿ ಮಲಗಿಸಿದ್ರು. ನೇಗಿಲು ಹೋಗೋದನ್ನ ಗದ್ದೆಯ ಗಡಿ ಕಂಬದ ಹತ್ರ ನಿಂತು ನೋಡಿದ್ಲು. ಅವತ್ತು ರಾತ್ರಿ ಅವರಪ್ಪ ಎಲ್ಲರನ್ನೂ ಕೂರಿಸಿ ಹೇಳಿದ, ಇನ್ಮೇಲೆ ನಮ್ಮ ಸತ್ತವರು ಎಲ್ಲಿದ್ದಾರೆ ಅಂತ ಒಬ್ಬನಿಗೂ ಹೇಳಬೇಡಿ. ಗೊತ್ತಾದ್ರೆ ತಾನೇ ಕಿತ್ಕೊಳ್ಳೋದು?

“ಏನಾದ್ರೂ ಮಾಡು,” ಅಂದ್ಲು ದೊಡ್ಡಮ್ಮ. “ಬಾಯಿ ಮಾತ್ರ ಬಿಡಬೇಡ.”

ಏನ್ ಮಾಡ್ಲಿ? ಬುಧವಾರ ಸುಳ್ಳು ಹೇಳಿದೆ. ತಿರುವಲ್ಲಿ ಟೈಪಾನ್ ಹಾವಿದೆ, ದೊಡ್ಡದು, ನಾವಿಳಿಯಲ್ಲ ಅಂದೆ. ಕಚ್ಚಿದ್ರೆ ನೀರು ಕೇಳೋಕೂ ಬಿಡದ ಹಾವು ಅದು. ಫಿಲಿಪಾ ಹೆದರಿ ಹಾವು ಹಿಡಿಯೋವನ್ನ ಕರೆಸಿದ್ಲು. ಅವನು ಗುರುವಾರವಿಡೀ ಕೋಲು ಹಿಡ್ಕೊಂಡು ನಮ್ಮ ಅಜ್ಜಿಯಂದಿರ ಮೇಲೆ ಓಡಾಡಿದ. ಹಾವಿಲ್ಲ, ಹಲ್ಲಿ ಇದೆ ಅಂತ ಹೇಳಿ ಹೋದ. ನಾನು ಮೇಲಿಂದ ನೋಡ್ತಾ ಹಲ್ಲು ಕಚ್ಚಿದೆ.

ಶುಕ್ರವಾರ ಬೆಳಿಗ್ಗೆ ಹ್ಯಾಸ್ಕರ್ಡೇ ಬಂದ. ಜೊತೆಗೆ ಫಿಲಿಪಾ.

“ವಾರ ಮುಗೀತು, ಒಂದೇ ಒಂದು ಗಿಡ ಬಿದ್ದಿದೆ,” ಅಂದ. “ಏನು ವರ್ನಾ? ಕೆಲಸ ಬೇಡವಾ? ಬೇಡದಿದ್ರೆ ಹೇಳಿಬಿಡು, ಕರಾವಳಿ ಕಡೆಯಿಂದ ಬೇರೆ ಜನ ಬರ್ತಾರೆ.” ಇನ್ನೂ ನಗ್ತಿದ್ದ.

“ಈ ತಿರುವು ಬಿಟ್ಟುಬಿಡಿ, ಮಿಸ್ಟರ್ ಹ್ಯಾಸ್ಕರ್ಡ್. ಮಿಕ್ಕ ಹಳ್ಳ ಪೂರ್ತಿ ಮಾಡಿಕೊಡ್ತೀನಿ.”

“ಯಾಕೆ ಅಂತ ಹೇಳಿ ವರ್ನಾ,” ಅಂದ್ಲು ಫಿಲಿಪಾ. “ಕಾರಣ ಇಲ್ಲದೆ ಹೇಗೆ ಬಿಡೋದು? ಬೀಜ ನೀರಲ್ಲಿ ಹೋಗಿ ಕೆಳಗೆಲ್ಲ ಹರಡುತ್ತೆ.”

ಕ್ಲೆಮ್ ನನ್ನನ್ನೇ ನೋಡ್ತಿದ್ದ. ಕೈಯಲ್ಲಿ ಗರಗಸ ಇತ್ತು. ಅವನ ಮುಖ ನೋಡಿ ನನ್ನ ಬಾಯಿ ತಡೀಲಿಲ್ಲ.

“ನಮ್ಮ ಜನ ಇದ್ದಾರೆ ಅಲ್ಲಿ,” ಅಂದೆ. “ನೆಲದ ಕೆಳಗೆ.”

ಫಿಲಿಪಾ ಬಾಯಿಗೆ ಕೈ ಇಟ್ಕೊಂಡ್ಲು. ಅವಳಿಗೆ ನಿಜವಾಗಿ ಗೊತ್ತಿರಲಿಲ್ಲ, ಅದು ಕಂಡಿತು. ಹ್ಯಾಸ್ಕರ್ಡ್ ಮಾತ್ರ ಹುಬ್ಬು ಗಂಟಿಕ್ಕಿ ಅಂದ, “ಅವೆಲ್ಲ ಬೇಲಿ ಆಚೆ ಇದ್ದದ್ದಲ್ವಾ? ಈಚೆಗೂ ಇದೆಯಾ?”

ಅಂದವನೇ ಬಾಯಿ ಮುಚ್ಚಿದ.

ನಾನು ಬೇಲಿಯ ಸುದ್ದಿ ಎತ್ತಿರಲಿಲ್ಲ. ಆಚೆ ಅಂದಿರಲಿಲ್ಲ, ಈಚೆ ಅಂದಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಹಂಗಾಯ್ತು. ಗೊತ್ತಿತ್ತು ಇವನಿಗೆ. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಇವನಿಗೆ. ನಮ್ಮ ಮನೇಲಿ ಅನುಮಾನ ಬಂದ ಹಾಗೆ ಅವರ ಮನೇಲಿ ಇದು ಬಂದಿತ್ತು. ಗೊತ್ತಿದ್ದೂ ಪ್ರತಿ ವರ್ಷ ಅದರ ಮೇಲೆ ಕಬ್ಬು ಹಾಕಿ, ಕುಯ್ದು, ಸಕ್ಕರೆ ಮಾಡಿ ತಿಂದಿದ್ದಾರೆ.

“ಯಾವುದು ಬೇಲಿ ಆಚೆ, ವಾರಿಕ್?” ಅಂತ ಫಿಲಿಪಾ ಕೇಳಿದ್ಲು.

“ಏನಿಲ್ಲ, ಹಳೇ ಅಡುಗೂಲಜ್ಜಿ ಕಥೆಗಳು,” ಅಂದ. “ನೋಡು ವರ್ನಾ, ನಿಮ್ಮ ಭಾವನೆಗೆ ನನಗೆ ತುಂಬ ಗೌರವ ಇದೆ. ಮುಂದಿನ ವರ್ಷ ನೆಲ ಪರೀಕ್ಷೆ ಮಾಡೋ ಯಂತ್ರ ತರಿಸೋಣ. ಒಂದು ಫಲಕ ಹಾಕೋಣ. ಆದ್ರೆ ನಾಳೆಯ ಕಾರ್ಯಕ್ರಮ ನಿಲ್ಲಲ್ಲ. ಗಿಡ ಕಿತ್ತ ಮೇಲೂ ನೆಲ ಅಲ್ಲೇ ಇರುತ್ತಲ್ಲ?”

ಗಿಡ ಕಿತ್ತ ಮೇಲೆ ಯಾರು ಎಲ್ಲಿದ್ದಾರೆ ಅಂತ ಹುಡುಕೋದು ಹೇಗಪ್ಪಾ? ಅವನಿಗೆ ಬೇಕಾಗಿದ್ದೂ ಅದೇ. ಕ್ಲೆಮ್ ಗರಗಸ ನೆಲಕ್ಕೆ ಹಾಕಿದ. ನಾವಿಬ್ಬರೂ ಅಲ್ಲಿಂದ ನಡೆದುಬಿಟ್ವಿ. ಹಿಂದಿನಿಂದ ಅವನು ಏನೋ ಕೂಗಿದ. ತಿರುಗಿ ನೋಡಲಿಲ್ಲ.

ನೆಟ್ಟಗೆ ದೊಡ್ಡಮ್ಮನ ಮನೆಗೆ ಹೋದೆ. ಬೈಸ್ಕೊಳ್ಳೋಕೆ ತಯಾರಾಗೇ ಹೋಗಿದ್ದೆ. ಹೇಳಿಬಿಟ್ಟೆ ದೊಡ್ಡಮ್ಮ ಅಂದೆ. ಪಾತ್ರೆ ಎತ್ತಿ ಎಸೀತಾಳೇನೋ ಅಂದ್ಕೊಂಡೆ. ಆಮೇಲೆ ಹ್ಯಾಸ್ಕರ್ಡ್ ಅಂದ ಮಾತು ಹೇಳಿದೆ. ಬೇಲಿ ಆಚೆ.

“ಇನ್ನೊಂದ್ಸಲ ಹೇಳು,” ಅಂದ್ಲು.

ಹೇಳಿದೆ.

ದೊಡ್ಡಮ್ಮ ಜಗಲಿ ಮೆಟ್ಟಿಲ ಪಕ್ಕದ ನಮ್ಮ ಗಿಡ ನೋಡ್ತಾ ಕೂತ್ಲು. ಅವಳು ಅಳೋದನ್ನ ನಾನು ಯಾವತ್ತೂ ನೋಡಿಲ್ಲ, ಅವತ್ತೂ ಅಳಲಿಲ್ಲ. ಮುಖ ಮಾತ್ರ ಕಲ್ಲಾಯ್ತು.

“ಅವನಿಗೆ ಗೊತ್ತಿತ್ತು,” ಅಂದ್ಲು. “ಇಷ್ಟು ವರ್ಷ. ಹಂಗಾದ್ರೆ ನಾವು ಬಾಯಿ ಹೊಲ್ಕೊಂಡಿದ್ದು ಯಾರಿಂದ ಮುಚ್ಚಿಡೋಕೆ? ಕ್ಲೆಮ್‌ನಿಂದಾನಾ? ನಮ್ಮ ಮಕ್ಕಳಿಂದಾನಾ? ಕಳ್ಳನಿಗೆ ಎಲ್ಲ ಗೊತ್ತು, ಮನೆಯವರಿಗೇ ಏನೂ ಗೊತ್ತಿಲ್ಲ. ಥೂ ನಮ್ಮ ಬುದ್ಧಿಗೆ! ನನ್ನ ಚರ್ಚಿನ ಬಟ್ಟೆ ತೆಗಿ. ಆಮೇಲೆ ಮನೆಮನೆಗೆ ಹೋಗು. ಬಾಗಿಲ ಗಿಡದಿಂದ ಕಡ್ಡಿ ಮುರ್ಕೊಂಡು ಬನ್ನಿ ಅಂತ ಹೇಳು. ಕೇಳಿದವರಿಗೆಲ್ಲ ಯಾಕೆ ಅಂತಾನೂ ಹೇಳು.”

ಹೋದೆ. ಒಂದೊಂದು ಬಾಗಿಲಲ್ಲೂ ಅದೇ ಆಯ್ತು. ಮನೇಲಿ ಒಬ್ಬರು ತಲೆ ತಗ್ಗಿಸ್ತಿದ್ರು, ಅವರಿಗೆ ಗೊತ್ತಿತ್ತು. ಮಿಕ್ಕವರು ಅವರ ಮೇಲೆ ಹರಿಹಾಯ್ತಿದ್ರು.

ಶನಿವಾರ. ತಿರುವಿನ ಮೇಲೆ ಬಿಳಿ ಡೇರೆ, ಸಾಸೇಜು ಹುರಿಯೋ ಹೊಗೆ, ಪ್ಲಾಸ್ಟಿಕ್ ಕಕ್ಕಸು. ಕೈಗವಸು ತೊಟ್ಟ ಜನ. ಟೀವಿಯ ಹುಡುಗ ಕ್ಯಾಮೆರಾ ಹೊತ್ತು ನಿಂತಿದ್ದ. ನಾನು ಮಂಡಳಿಯ ದಪ್ಪ ಕಿತ್ತಳೆ ಬಣ್ಣದ ಜಾಕೀಟು ಹಾಕ್ಕೊಂಡೇ ಹೋದೆ. ಅದಿಲ್ಲದೆ ದಾರಿಯಲ್ಲಿ ತಡೀತಿದ್ರು.

ದೊಡ್ಡಮ್ಮ ಹಿಂದಿನ ದಾರಿಯಿಂದ ಕ್ಲೆಮ್ ತೋಳು ಹಿಡ್ಕೊಂಡು ಬಂದ್ಲು. ನೀಲಿ ಉಡುಪು, ಬಿಳಿ ಟೋಪಿ. ಹಿಂದೆ ನಮ್ಮ ಜನ. ಬಕೀಟಲ್ಲಿ, ಹಾಲಿನ ಪುಡಿ ಡಬ್ಬದಲ್ಲಿ, ಒದ್ದೆ ಬಟ್ಟೆ ಸುತ್ತಿ ಕ್ರೋಟನ್ ಕಡ್ಡಿ. ತಿರುವಿಗೆ ಇಳಿದು ಒಬ್ಬೊಬ್ಬರೂ ಎಲೆಗೆ ಎಲೆ ಹಿಡಿದು ನೋಡಿ, ತಮ್ಮ ಗಿಡ ಹುಡುಕಿ ಅದರ ಪಕ್ಕ ನಿಂತ್ರು. ಮಕ್ಕಳು ಓಡಾಡಿ, “ಅಜ್ಜೀ, ನಮ್ಮದು ಇಲ್ಲಿದೆ!” ಅಂತ ಕೂಗ್ತಿದ್ವು. ಕ್ಲೆಮ್ ಆ ಕೆಂಪು ಬುಡದ ಪಕ್ಕ ನಿಂತ.

ಒಬ್ಬ ಸ್ವಯಂಸೇವಕಿ ಮಂಡಿಯೂರಿ ನಿತ್ಯಪುಷ್ಪ ಕೀಳ್ತಿದ್ದಳು. ತಲೆ ಎತ್ತಿ ನೋಡಿದ್ಲು. ಕಿತ್ತಿದ್ದನ್ನ ಮೆತ್ತಗೆ ನೆಲಕ್ಕಿಟ್ಟು ಎದ್ದು ನಿಂತು ಕೈಗವಸು ಬಿಚ್ಚಿದ್ಲು.

ಹ್ಯಾಸ್ಕರ್ಡ್ ಇಳಿದು ಬಂದ. ಏನ್ ನಗು ಅಂತೀರಿ! “ಎಂಥ ಸುಂದರ ದೃಶ್ಯ,” ಅಂದ, ಕ್ಯಾಮೆರಾ ಕಡೆ ತಿರುಗಿ. “ಇದು ನಮ್ಮೆಲ್ಲರ ಹಳ್ಳ. ಎಲ್ಸಿ ಅಮ್ಮಾ, ಒಂದು ಮಾತು. ನಿಮ್ಮದು ಯಾವ್ಯಾವ ಗಿಡ ಅಂತ ತೋರಿಸಿಬಿಡಿ, ರಿಬ್ಬನ್ ಕಟ್ತೀವಿ. ಅವನ್ನ ಯಾರೂ ಮುಟ್ಟಲ್ಲ. ಮಿಕ್ಕಿದ್ದು ಮಾತ್ರ ತೆಗೀತೀವಿ. ಇವತ್ತೇ ಎಲ್ಲ ಇತ್ಯರ್ಥ. ಬೇಲಿವರೆಗೂ ನಿಮ್ಮದೇ ಅಂದ್ಕೊಳ್ಳಿ.”

ನಮ್ಮವರಲ್ಲಿ ಕೆಲವರು ಉಸಿರು ಬಿಟ್ರು. ಒಬ್ಬ ಮುದುಕ ಟೋಪಿ ತೆಗೆದು ಥ್ಯಾಂಕ್ಸ್ ಅನ್ನೋಕೆ ಹೊರಟ. ನನ್ನ ಕೈ ಮಾತ್ರ ತಾನಾಗೇ ಜೇಬಿಗೆ ಹೋಯ್ತು. ಬೇಲಿವರೆಗೂ. ಇವನು ಕೊಡ್ತಾ ಇಲ್ಲ, ಗಡಿ ಹಾಕ್ತಾ ಇದ್ದಾನೆ. ಈಚೆಗಿನವರನ್ನ ಕೊಟ್ಟು ಆಚೆಗಿನವರನ್ನ ಮುಚ್ಚಿಹಾಕ್ತಾ ಇದ್ದಾನೆ.

“ದೊಡ್ಡಮ್ಮಾ,” ಅಂದೆ.

“ಕೇಳಿಸ್ತು,” ಅಂದ್ಲು. “ನಾನೇನು ಕಿವುಡೀನಾ? ತಂತಿ ಎತ್ತು ನಡಿ.”

ಬೇಲಿ ಮುಳ್ಳುತಂತಿಯದು. ಆಚೆ ಕಬ್ಬು ಕಟಾವಾಗಿ ಹೊಸ ನಾಟಿಗೆ ಉತ್ತಿದ್ರು. ಮಣ್ಣು ಬೋಳಾಗಿ ಬಿದ್ದಿತ್ತು. ನಾನು ಮಂಡಳಿ ಜಾಕೀಟು ಬಿಚ್ಚಿ ಮುಳ್ಳಿನ ಮೇಲೆ ಹಾಸಿದೆ, ಚರ್ಚಿನ ಬಟ್ಟೆ ಹರೀಬಾರದಲ್ಲ. ಮೇಲಿನ ತಂತಿ ಕೈಲೂ ಕೆಳಗಿನದು ಕಾಲಲ್ಲೂ ಹಿಡಿದೆ.

“ವರ್ನಾ, ನೀವು ಮಂಡಳಿ ಕೆಲಸದಲ್ಲಿದ್ದೀರಿ,” ಅಂದ್ಲು ಫಿಲಿಪಾ, ಸಣ್ಣ ದನೀಲಿ.

“ಇದ್ದೆ,” ಅಂದೆ.

ದೊಡ್ಡಮ್ಮ ಬಗ್ಗಿ ದಾಟಿದ್ಲು. ಟೋಪಿ ಬಿತ್ತು, ಎತ್ಕೊಳ್ಳಲಿಲ್ಲ.

“ಎಲ್ಸಿ ಅಮ್ಮಾ! ಅದು ಖಾಸಗಿ ಜಮೀನು!”

“ನಿಮ್ಮಜ್ಜ ಇದನ್ನ ಉತ್ತು ಹಾಕಿಸಿದಾಗ ನಾನು ಇದೇ ಗಡಿ ಕಂಬದ ಹತ್ರ ನಿಂತಿದ್ದೆ ಕಣೋ,” ಅಂದ್ಲು. ನಮ್ಮ ಊರಲ್ಲಿ ಹ್ಯಾಸ್ಕರ್ಡ್ ಮನೆಯವರಿಗೆ ಕಣೋ ಅಂದಿದ್ದು ಅದೇ ಮೊದಲು. “ಕಂಬದಿಂದ ಎಷ್ಟು ಹೆಜ್ಜೆ ಅಂತ ನನಗೆ ಗುರುತಿದೆ. ಕ್ರೋಟನ್ ತಪ್ಪಿಸ್ಕೊಂಡು ಬಂತಂತೆ! ಯಾರ ತೋಟದಿಂದ? ನಿಮ್ಮ ಬಂಗಲೆ ಮುಂದಿನ ಬೇಲಿಯಿಂದ ನಮ್ಮಜ್ಜಿ ಮುರ್ಕೊಂಡು ಬಂದದ್ದು ಇದು. ನೀವು ಕಿತ್ಕೊಂಡಿದ್ದಕ್ಕೆ ನಾವು ತಗೊಂಡಿದ್ದು ಇಷ್ಟೇ, ಒಂದು ಕಡ್ಡಿ.”

ಕಂಬದಿಂದ ಉತ್ತ ಮಣ್ಣೊಳಗೆ ನಡೆದ್ಲು. ನಿಂತ್ಲು. ಒಂಚೂರು ಎಡಕ್ಕೆ ಸರಿದ್ಲು. ಬಗ್ಗೋಕೆ ಆಗಲಿಲ್ಲ, ಕುಸಿದು ಕೂತ್ಲು. ಬೆರಳಲ್ಲಿ ಮಣ್ಣು ಕೆದಕಿ ನಮ್ಮ ಕಡ್ಡಿ ಚುಚ್ಚಿ, ಸುತ್ತ ಅದುಮಿದ್ಲು.

“ನನ್ನ ತಮ್ಮನಿಗೆ ಹೆಸರೂ ಇಟ್ಟಿರಲಿಲ್ಲ,” ಅಂದ್ಲು. ಆಮೇಲೆ ತಲೆ ಎತ್ತಿ, “ಬಾ ವಾರಿಕ್. ನೀನು ಕಳೆ ಕೀಳೋ ಮಂಡಳಿಯವನಲ್ವಾ? ಬಂದು ಕೀಳು. ಇವರೆಲ್ಲ ನೋಡಲಿ.”

ಕ್ಯಾಮೆರಾ ಅವನ ಕಡೆ ತಿರುಗಿತು. ಅವನು ಒಂದು ಹೆಜ್ಜೆ ಇಟ್ಟ, ನಿಂತ. “ಪೊಲೀಸರನ್ನ ಕರೀತೀನಿ,” ಅಂದ.

“ಕರಿ. ಅವರಿಗೂ ಹೇಳ್ತೀನಿ. ಇನ್ಮೇಲೆ ಎಲ್ಲರಿಗೂ ಹೇಳ್ತೀನಿ.”

ಕ್ಲೆಮ್ ಜಾಕೀಟಿನ ಮೇಲೆ ಕೈಯೂರಿ ಬೇಲಿ ಹಾರಿದ. ಅವನ ಹಿಂದೆ ಟೋಪಿ ತೆಗೆಯೋಕೆ ಹೋಗಿದ್ದ ಮುದುಕ. ಅವನ ಹಿಂದೆ ಬಕೀಟು ಹಿಡಿದ ಹೆಂಗಸರು. ಅವರಿಗೆ ತಮ್ಮವರು ಎಲ್ಲಿ ಅಂತ ನಿಖರವಾಗಿ ಗೊತ್ತಿರಲಿಲ್ಲ, ನೇಗಿಲು ಎಲ್ಲ ಕಲಸಿಹಾಕಿತ್ತು. “ಇಲ್ಲಿರಬಹುದಾ ಎಲ್ಸಿ?” “ಇನ್ನೂ ಮೇಲೆ ಹೋಗೇ, ನಿಮ್ಮತ್ತೆ ಅಲ್ಲಿ.” ಸ್ಮಶಾನದಲ್ಲಿ ಸಂತೆ ಗಲಾಟೆ. ಎಷ್ಟೋ ವರ್ಷದಿಂದ ಮುಚ್ಚಿಟ್ಟ ಬಾಯಿಗಳು.

ಹ್ಯಾಸ್ಕರ್ಡ್ ಮುಖ ನೋಡಿದೆ. ನಗು ಇರಲಿಲ್ಲ. ನಗು ಇಲ್ಲದ ಹ್ಯಾಸ್ಕರ್ಡ್ ಮುಖ ನಮ್ಮ ವಂಶದಲ್ಲಿ ಯಾರಾದ್ರೂ ನೋಡಿದ್ರಾ, ಗೊತ್ತಿಲ್ಲ. ಸೋಮವಾರ ನನಗೆ ಕೆಲಸ ಇರಲ್ಲ. ಪೊಲೀಸರು ಬರ್ತಾರೆ, ವಕೀಲರು ಬರ್ತಾರೆ, ಈ ಕಡ್ಡಿಗಳನ್ನ ಯಾರಾದ್ರೂ ಕಿತ್ತೂ ಹಾಕಬಹುದು. ನನಗೆ ಈಗಲೂ ನಂಬಿಕೆ ಇಲ್ಲ. ಆದ್ರೆ ಕ್ರೋಟನ್ ಕಡ್ಡಿಗೆ ಒಂದು ಗುಣ ಇದೆ. ಎಲ್ಲಿ ಚುಚ್ಚಿದ್ರೂ ಹಿಡ್ಕೊಳ್ಳುತ್ತೆ. ಕಿತ್ತರೆ ಮನೆ ಬಾಗಿಲಲ್ಲಿ ಇನ್ನೂ ಇದೆ.

“ಅಕ್ಕಾ,” ಅಂದ ಕ್ಲೆಮ್. ಕೈಯಲ್ಲಿ ಅಗಲ ಎಲೆಯ ಕಡ್ಡಿಗಳ ಕಟ್ಟು ಇತ್ತು. “ನಮ್ಮ ತಾಯಿ ಕಡೆಯವರು ಇಲ್ಲೂ ಇದ್ದಾರಂತೆ. ದೊಡ್ಡಮ್ಮ ಜಾಗ ತೋರಿಸಿದ್ಲು. ತೋಡ್ತೀಯಾ? ನಾನು ಕಡ್ಡಿ ಹಿಡ್ಕೋತೀನಿ.”

ನಾನು ಮಂಡಿಯೂರಿದೆ. ಕೆಂಪು ಬೆರಳು ಮಣ್ಣೊಳಗಿಟ್ಟು ತೋಡೋಕೆ ಶುರು ಮಾಡಿದೆ.